ಲಾಕ್ ಸರಿ ಮಾಡಿ ಅಂದೆ, ಸಾಣೆ ಹಿಡಿದು ಕಳಿಸಿದರು

ನನ್ನ ಮಡಚುವ ಚಾಕು ವಾರಂಟಿ ರಿಪೇರಿಗೆ ಹೋಗಿ 71 ದಿನ ಆದಮೇಲೆ ವಾಪಸ್ ಬಂತು. ಕಳಿಸುವಾಗ ಅದಕ್ಕಿದ್ದದ್ದು ಒಂದೇ ತೊಂದರೆ. ತೆರೆದ ಅಲಗು ಲಾಕ್ ಆಗಿ ನಿಲ್ಲುತ್ತಿರಲಿಲ್ಲ. ಈಗಲೂ ನಿಲ್ಲುವುದಿಲ್ಲ. ಅದು ಸಾಲದು ಅಂತ ಈಗ ಮೊನೆ ಮೊಂಡಾಗಿದೆ, ತುದಿಯ ಹತ್ತಿರ ಉಕ್ಕು ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದೆ, ಅಲಗು ತಿರುಗುವ ಸ್ಕ್ರೂವಿನ ತಲೆ ಹಾಳಾಗಿದೆ. ಡಬ್ಬಿಯ ಮುಚ್ಚಳದ ಮೇಲೆ ಮಾತ್ರ 'ಜೀವಮಾನದ ವಾರಂಟಿ' ಅಂತ ದಪ್ಪ ಅಕ್ಷರದಲ್ಲಿ ಇದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ದೂರು ಅವರ ಹತ್ತಿರ ಇನ್ನೂ ಬಾಕಿ ಇದೆ. ಆದರೆ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಚಾಕು ಕೊಳ್ಳುವವರು ಉಕ್ಕು ಯಾವುದು, ಹಿಡಿ ಯಾವುದು ಅಂತ ಗಂಟೆಗಟ್ಟಲೆ ಓದುತ್ತಾರೆ. ವಾರಂಟಿ ಚೀಟಿಯನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ನಾನು ಒಂದು ನಾಟಕ ತಂಡದಲ್ಲಿ ತೆರೆಯ ಹಿಂದಿನ ಕೆಲಸ ಮಾಡುತ್ತೇನೆ. ಪರದೆ ಕಟ್ಟುವುದು, ಸೆಟ್ ನಿಲ್ಲಿಸುವುದು, ಲೈಟ್ ಏರಿಸುವುದು. 14 ವರ್ಷದಿಂದ ಇದೇ ಕೆಲಸ. ಚಾಕು ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಹಗ್ಗದ ತುದಿ ಕತ್ತರಿಸಬೇಕು, ಕೇಬಲ್ ಟೈ ಬಿಚ್ಚಬೇಕು, ಬಟ್ಟೆಯ ಟೇಪು ಸೀಳಬೇಕು, ರಟ್ಟು ಕೊಯ್ಯಬೇಕು. ಎಷ್ಟೋ ಸಲ ಈ ಕೆಲಸ ಏಣಿಯ ಮೇಲೆ ನಿಂತು. ಎಡಗೈಯಲ್ಲಿ ಹಗ್ಗವೋ ಲೈಟೋ ಇರುತ್ತದೆ, ಅದನ್ನು ಬಿಡೋ ಹಾಗಿಲ್ಲ. ಉಳಿದದ್ದು ಬಲಗೈ ಒಂದೇ. ಅದೇ ಕೈಯಲ್ಲಿ ಚಾಕು ತೆಗೆದು, ಅದೇ ಹೆಬ್ಬೆರಳಲ್ಲಿ ಅಲಗು ತೆರೆದು, ಕೆಲಸ ಮುಗಿಸಿ, ಮತ್ತೆ ಅದೇ ಕೈಯಲ್ಲಿ ಮಡಚಬೇಕು. ಅದಕ್ಕೇ ಲೈನರ್ ಲಾಕ್ ಇರುವ ಚಾಕು ಕೊಂಡದ್ದು.

ಈ ಲಾಕ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಾಗದಿದ್ದರೆ ನನ್ನ ಸಿಟ್ಟು ಯಾಕೆ ಅಂತ ಅರ್ಥವಾಗುವುದಿಲ್ಲ.

ಹಿಡಿಯ ಎರಡು ಬದಿಯಲ್ಲೂ ಒಳಗಡೆ ಒಂದೊಂದು ತೆಳು ತಗಡು ಇರುತ್ತದೆ. ಅದೇ ಲೈನರ್. ಅದರಲ್ಲಿ ಒಂದು ತಗಡನ್ನು ಉದ್ದಕ್ಕೆ ಸೀಳಿ ಸ್ವಲ್ಪ ಒಳಗಡೆ ಬಾಗಿಸಿರುತ್ತಾರೆ. ಸ್ಪ್ರಿಂಗ್ ಥರ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಚಿಮ್ಮಿ ಬಂದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ಟಕ್ ಅಂತ ಸದ್ದಾಗುತ್ತದೆ. ಹೆಬ್ಬೆರಳಲ್ಲಿ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿದರೆ ಮಾತ್ರ ಅಲಗು ಮಡಚುತ್ತದೆ. ಇದರ ಹಳೆಯ ರೂಪ ಅಮೆರಿಕದ ಸೇನೆಯವರು ಬಳಸುತ್ತಿದ್ದ ಟಿಎಲ್-29 ಅನ್ನುವ ಎಲೆಕ್ಟ್ರಿಷಿಯನ್ ಚಾಕುವಿನಲ್ಲೇ ಇತ್ತು. ಅಲ್ಲಿ ಅದು ಸ್ಕ್ರೂಡ್ರೈವರ್ ಅಲಗಿಗೆ ಮಾತ್ರ. ತಿರುಗಿಸುವಾಗ ಮಡಚಿ ಬೆರಳಿಗೆ ಹೊಡೆಯಬಾರದು ಅಂತ. 1980ರ ದಶಕದಲ್ಲಿ ಮೈಕೆಲ್ ವಾಕರ್ ಅನ್ನುವ ಚಾಕು ತಯಾರಕ ಅದನ್ನು ತಿದ್ದಿ ಈಗಿನ ರೂಪಕ್ಕೆ ತಂದ. ಈಗ ಎಲ್ಲೆಲ್ಲೂ ಅದೇ.

ತುಂಬಾ ಸರಳ ಅನ್ನಿಸುತ್ತದೆ, ಅಲ್ವಾ? ಆದರೆ ಎಲ್ಲಾ ನಿಂತಿರುವುದು ಒಂದು ಕೋನದ ಮೇಲೆ. ಅಲಗಿನ ಬುಡವನ್ನು ಸ್ವಲ್ಪ ಇಳಿಜಾರಾಗಿ ಉಜ್ಜಿರುತ್ತಾರೆ. ಸುಮಾರು 7ರಿಂದ 10 ಡಿಗ್ರಿ. ಆ ಇಳಿಜಾರಿಗೆ ಪಟ್ಟಿಯ ತುದಿ ಬೆಣೆ ಹೊಡೆದ ಹಾಗೆ ಕೂರಬೇಕು. ಇಳಿಜಾರು ಕಡಿಮೆಯಾದರೆ ಪಟ್ಟಿ ಕಚ್ಚಿಕೊಂಡು ಬಿಡಿಸಲು ಬರುವುದಿಲ್ಲ. ಜಾಸ್ತಿಯಾದರೆ ಒತ್ತಡ ಬಿದ್ದಾಗ ಜಾರುತ್ತದೆ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಆದರೆ ಬೆರಳು ಉಳಿಯುವುದೂ ಹೋಗುವುದೂ ಅದರಲ್ಲೇ ಇದೆ.

ಚಾಕು ಕೊಂಡು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಹಿಡಿ ಜಿ10ನದು. ಗಾಜಿನ ನಾರಿನ ಬಟ್ಟೆಯ ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಬೆವರಿದ ಕೈಯಲ್ಲೂ ಜಾರುತ್ತಿರಲಿಲ್ಲ. ನನ್ನ ಕೈ ಸಣ್ಣದು. ಅದಕ್ಕೆ ಸರಿಯಾಗಿ ಕೂರುವ ಚಾಕು ಸಿಗುವುದೇ ಕಷ್ಟ. ಇದು ಸಿಕ್ಕಾಗ ನಿಜಕ್ಕೂ ಖುಷಿಯಾಗಿತ್ತು. ತಂಡದಲ್ಲಿ ಇಬ್ಬರು ಇದನ್ನೇ ನೋಡಿ ಇದೇ ಮಾದರಿ ಕೊಂಡರು. ಆ ವಿಷಯ ಈಗ ನನಗೆ ಚಿಂತೆ.

ಅವತ್ತು ಹಿಂಪರದೆಗೆ ತೂತು ಮಾಡುತ್ತಿದ್ದೆ. ದಪ್ಪ ಕ್ಯಾನ್ವಾಸ್. ಹಗ್ಗ ತೂರಿಸಲು ಅಂಚಿನಲ್ಲಿ ಹನ್ನೆರಡು ತೂತು ಬೇಕಿತ್ತು. ನೆಲದ ಮೇಲೆ ಕೂತು, ಕೆಳಗೆ ಮರದ ತುಂಡಿಟ್ಟು, ಮೊನೆಯಿಂದ ಚುಚ್ಚುತ್ತಿದ್ದೆ. ಐದನೆಯದೋ ಆರನೆಯದೋ. ಮೊನೆ ಮರಕ್ಕೆ ತಾಗಿ ನಿಂತಿತು. ಕೈ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ಟಕ್ ಅಂತ ಸಣ್ಣ ಸದ್ದು. ತೆರೆಯುವಾಗ ಬರುವ ಸದ್ದೇ. ಅಲಗು ಮಡಚಿ ತೋರುಬೆರಳಿನ ಎರಡನೇ ಗೆಣ್ಣಿನ ಮೇಲೆ ಬಂದು ಕೂತಿತು. ನೋವು ಆಮೇಲೆ ಗೊತ್ತಾಯಿತು. ಮೊದಲು ಕಂಡದ್ದು ಬಿಳಿ ಕ್ಯಾನ್ವಾಸ್ ಮೇಲೆ ರಕ್ತ. ನಾಲ್ಕು ಹೊಲಿಗೆ ಬಿದ್ದವು. ಬೆರಳು ಪೂರ್ತಿ ಮಡಚುತ್ತದೆ, ಅದು ಪುಣ್ಯ. ಏಣಿಯ ಮೇಲಿದ್ದಾಗ ಆಗಿದ್ದರೆ ಕೆಳಗೆ ಯಾರಿದ್ದರು, ಕೈಯಲ್ಲಿ ಏನಿತ್ತು ಅಂತ ಈಗಲೂ ರಾತ್ರಿ ನೆನಪಾಗುತ್ತದೆ.

ಮೊನೆಯಿಂದ ಚುಚ್ಚುವುದು ಮಡಚುವ ಚಾಕುವಿಗೆ ಒಳ್ಳೆಯ ಕೆಲಸ ಅಲ್ಲ, ಒಪ್ಪುತ್ತೇನೆ. ಅದಕ್ಕೆ ದಬ್ಬಳ ಇದೆ. ಅವತ್ತು ದಬ್ಬಳ ಇನ್ನೊಬ್ಬರ ಪೆಟ್ಟಿಗೆಯಲ್ಲಿತ್ತು. ಆದರೆ ಲಾಕ್ ಇರುವುದು ಇಂಥ ಹೊತ್ತಿಗೇ ತಾನೇ? ನೇರ ಕೊಯ್ಯುವಾಗ ಒತ್ತಡವೇ ಅಲಗನ್ನು ತೆರೆದಿಡುತ್ತದೆ, ಅಲ್ಲಿ ಲಾಕ್ ಬೇಕಾಗುವುದೇ ಇಲ್ಲ. ಬೆನ್ನಿನ ಕಡೆಯಿಂದಲೋ ಮೊನೆಯಿಂದಲೋ ಒತ್ತಡ ಬಂದಾಗ ತಡೆಯಲಿ ಅಂತಲೇ ಲಾಕ್ ಇಟ್ಟಿರುವುದು.

ಬೆರಳು ಸ್ವಲ್ಪ ವಾಸಿಯಾದ ಮೇಲೆ ಚಾಕುವನ್ನು ದೀಪದ ಕೆಳಗೆ ಇಟ್ಟು ನೋಡಿದೆ. ನಮ್ಮ ತಂಡದ ಲೈಟಿನ ಅಣ್ಣ ಒಂದು ಉಪಾಯ ಹೇಳಿಕೊಟ್ಟರು. ಅಲಗಿನ ಬುಡಕ್ಕೆ, ಪಟ್ಟಿ ಬಂದು ಕೂರುವ ಜಾಗಕ್ಕೆ, ಕಪ್ಪು ಮಾರ್ಕರ್ ಪೆನ್ನು ಬಳಿಯುವುದು. ಒಣಗಿದ ಮೇಲೆ ಹತ್ತು ಸಲ ತೆರೆದು ಮುಚ್ಚುವುದು. ಪಟ್ಟಿ ಎಲ್ಲಿ ತಾಗುತ್ತದೋ ಅಲ್ಲಿ ಶಾಯಿ ಉಜ್ಜಿ ಹೋಗುತ್ತದೆ. ಸರಿಯಿರುವ ಲಾಕ್‌ನಲ್ಲಿ ಒಂದು ಅಗಲದ ಪಟ್ಟೆ ಬಿಳಿಯಾಗಿ ಕಾಣುತ್ತದೆ. ನನ್ನದರಲ್ಲಿ ಕಂಡದ್ದು ಒಂದು ಗೆರೆ. ಕೂದಲೆಳೆಯಷ್ಟು. ಮೇಲಿನ ಅಂಚಿನಲ್ಲಿ ಮಾತ್ರ. ಉಳಿದ ಕಡೆಯೆಲ್ಲಾ ಶಾಯಿ ಹಾಗೇ ಕಪ್ಪಗೆ ಕೂತಿತ್ತು. ಅಂದರೆ ಎರಡು ವರ್ಷದಿಂದ ನನ್ನ ಬೆರಳನ್ನು ಕಾಯುತ್ತಿದ್ದದ್ದು ಆ ಒಂದು ಗೆರೆ. ನೋಡಿ ಎದೆ ಝಲ್ ಅಂದಿತು.

ಇನ್ನೂ ಒಂದು ವಿಷಯ ನೋಡಿದೆ. ಇದು ಮುಂದೆ ಬೇಕಾಗುತ್ತದೆ. ಲೈನರ್ ಲಾಕ್ ಸವೆದರೆ ಪಟ್ಟಿ ಬರ್ತಾ ಬರ್ತಾ ಆಚೆ ಬದಿಗೆ ಸರಿಯುತ್ತದೆ. ಹೊಸದರಲ್ಲಿ ಬುಡದ ಅಗಲದ ಮೂರರಲ್ಲಿ ಒಂದು ಭಾಗಕ್ಕೆ ನಿಲ್ಲುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ಅರ್ಧ, ಮುಕ್ಕಾಲು. ಕೊನೆಗೆ ಆಚೆ ಕಡೆಯ ತಗಡಿಗೇ ತಾಗುತ್ತದೆ. ಅದು ಸವೆತ. ನನ್ನ ಚಾಕುವಿನಲ್ಲಿ ಪಟ್ಟಿ ಇನ್ನೂ ಮೂರರಲ್ಲಿ ಒಂದು ಭಾಗಕ್ಕೇ ನಿಂತಿತ್ತು. ಕೊಂಡ ದಿನ ತೆಗೆದ ಫೋಟೊದಲ್ಲಿ ಎಲ್ಲಿತ್ತೋ ಅಲ್ಲೇ. ಸವೆದೇ ಇಲ್ಲ. ಕೋನವೇ ಮೊದಲಿನಿಂದ ತಪ್ಪು.

ಸರಿ, ವಾರಂಟಿಗೆ ಕಳಿಸಿದೆ. ಫಾರಂ ತುಂಬಿಸಿದೆ. ನಾಲ್ಕು ಕಡೆಯಿಂದ ಫೋಟೊ ಕೇಳಿದರು, ಅದರಲ್ಲಿ ಪಿವೋಟ್ ಸ್ಕ್ರೂ, ಅಂದರೆ ಅಲಗು ತಿರುಗುವ ಸ್ಕ್ರೂ, ಅದರ ಫೋಟೊ ಹತ್ತಿರದಿಂದ ಬೇಕು ಅಂದರು. ಕೊಟ್ಟೆ. ಚಾಕುವನ್ನು ಬಿಚ್ಚಿದ್ದೀರಾ ಅಂತ ಒಂದು ಪ್ರಶ್ನೆ ಇತ್ತು. ಇಲ್ಲ ಅಂತ ಬರೆದೆ. ನಿಜವಾಗಿಯೂ ಬಿಚ್ಚಿರಲಿಲ್ಲ. ಬಿಲ್ ಸೇರಿಸಿದೆ. ಕೊರಿಯರ್ ಖರ್ಚು ನನ್ನದೇ. ಒಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಚಾಕುವಿಗೆ ಸುತ್ತಿದೆ: 'ಲಾಕ್ ಜಾರುತ್ತದೆ. ಬೆರಳಿಗೆ ಗಾಯವಾಗಿದೆ. ದಯವಿಟ್ಟು ಲಾಕ್ ಮಾತ್ರ ನೋಡಿ. ಅಲಗಿಗೆ ಸಾಣೆ ಬೇಡ, ನಾನೇ ಹಿಡಿಯುತ್ತೇನೆ.' ಕೊನೆಯ ಸಾಲಿಗೆ ಎರಡು ಸಲ ಅಡಿಗೆರೆ ಎಳೆದೆ.

ಚಾಕು ತಲುಪಿದೆ ಅಂತ ಒಂಬತ್ತನೇ ದಿನ ಮೆಸೇಜ್ ಬಂತು. ಆಮೇಲೆ ಸುದ್ದಿಯೇ ಇಲ್ಲ.

ಮೂರನೇ ವಾರ ಫೋನ್ ಮಾಡಿದೆ. "ಮೇಡಂ, ನಿಮ್ಮ ಕೇಸ್ ಪ್ರೋಸೆಸ್‌ನಲ್ಲಿದೆ" ಅಂದರು. ಐದನೇ ವಾರ ಬೇರೆ ಹುಡುಗ. ಮತ್ತೆ ಮೊದಲಿನಿಂದ ಎಲ್ಲಾ ಹೇಳಬೇಕಾಯಿತು. ಅವನಿಗೆ ಲೈನರ್ ಲಾಕ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ, ಪಾಪ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಎಂಟನೇ ವಾರ ಇನ್ನೊಬ್ಬರು. "ಪಾರ್ಟ್ಸ್ ಬರಬೇಕು ಮೇಡಂ" ಅಂದರು. ಪಾರ್ಟ್ಸ್ ಅಂದಾಗ ಸಮಾಧಾನವಾಯಿತು. ಹೊಸ ಲೈನರ್ ಹಾಕುತ್ತಿರಬೇಕು, ಕಾಯೋಣ ಅಂದುಕೊಂಡೆ.

71ನೇ ದಿನ ಪಾರ್ಸೆಲ್ ಬಂತು. ಒಳಗೆ ಒಂದು ಚೀಟಿ. ಮೂರು ಸಾಲು. 'ಶುಚಿ ಮಾಡಿ ಎಣ್ಣೆ ಬಿಡಲಾಗಿದೆ. ಸಾಣೆ ಹಿಡಿಯಲಾಗಿದೆ. ಲಾಕ್ ಮಿತಿಯೊಳಗಿದೆ, ಬಳಕೆಯ ಸವೆತಕ್ಕೆ ವಾರಂಟಿ ಅನ್ವಯಿಸುವುದಿಲ್ಲ.'

ಇದನ್ನು ಎರಡು ಸಲ ಓದಿದೆ. ಲಾಕ್ ಮಿತಿಯೊಳಗಿದ್ದರೆ ಸವೆತದ ಮಾತು ಎಲ್ಲಿಂದ ಬಂತು? ಸವೆದಿದ್ದರೆ ಮಿತಿಯೊಳಗೆ ಹೇಗೆ? ಒಂದೇ ಸಾಲಿನಲ್ಲಿ ಎರಡು ಮಾತು. ಗಾಯದ ಬಗ್ಗೆ ಒಂದಕ್ಷರ ಇಲ್ಲ. ನಾನು ಬರೆದ ಹಾಳೆ ಹಾಗೇ ಮಡಚಿ ಒಳಗಿತ್ತು. ಯಾರೋ ಅದರ ಹಿಂಬದಿಯಲ್ಲಿ ಪೆನ್ನು ಗೀಚಿ ನೋಡಿದ್ದಾರೆ. ಮುಂಬದಿ ಓದಿದರೋ ಇಲ್ಲವೋ.

ಚಾಕು ತೆರೆಯಲು ಹೋದೆ. ಹೆಬ್ಬೆರಳಿಗೆ ಅಲಗು ಅಲ್ಲಾಡಲಿಲ್ಲ. ಸ್ಕ್ರೂವನ್ನು ಅಷ್ಟು ಬಿಗಿದಿದ್ದರು. ಎರಡು ಕೈ ಹಾಕಿ ತೆರೆದೆ. ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತಿದೆ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟುಕೊಂಡೇ. ಅದೇ ಟಕ್. ಪಟ್ಟಿ ಜಾರಿತು, ಅಲಗು ಮಡಚಿತು. ಮೊದಲು ಹೇಗಿತ್ತೋ ಹಾಗೇ. ಮಾರ್ಕರ್ ಬಳಿದು ಮತ್ತೆ ನೋಡಿದೆ. ಅದೇ ಕೂದಲೆಳೆ ಗೆರೆ, ಅದೇ ಜಾಗದಲ್ಲಿ.

ಇಷ್ಟೇ ಆಗಿದ್ದರೆ ಏನೂ ಮಾಡದೆ ವಾಪಸ್ ಕಳಿಸಿದರು ಅಂತ ಸುಮ್ನೆ ಇರುತ್ತಿದ್ದೆನೋ ಏನೋ. ಆದರೆ ಅಲಗು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಎರಡು ವರ್ಷ ಆ ಅಲಗಿಗೆ ನಾನೇ ಕಲ್ಲಿನ ಮೇಲೆ ಸಾಣೆ ಹಿಡಿದಿದ್ದೇನೆ. ಮೊದಲು 400ರ ಒರಟು ಕಲ್ಲು, ಆಮೇಲೆ 1000ದ ನುಣ್ಣನೆಯದು, ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ನಾಲ್ಕು ಸಲ ಎಳೆಯುವುದು. ಬದಿಗೆ 18 ಡಿಗ್ರಿಯ ಹಾಗೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ. ಪ್ರದರ್ಶನದ ಹಿಂದಿನ ರಾತ್ರಿ ಎಲ್ಲರೂ ಹೋದ ಮೇಲೆ ಹಾಗೆ ಕೂತು ಸಾಣೆ ಹಿಡಿಯುವುದು ನನಗೆ ಇಷ್ಟದ ಕೆಲಸ. ಕಲ್ಲಿನ ಮೇಲೆ ನೀರು ಬೂದು ಬಣ್ಣಕ್ಕೆ ತಿರುಗುವುದನ್ನು ನೋಡ್ತಾ ಇದ್ದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅವರು ಅದನ್ನು ಬೆಲ್ಟ್ ಗ್ರೈಂಡರಿಗೆ, ಅಂದರೆ ಉಜ್ಜುವ ಬೆಲ್ಟ್ ಓಡುವ ಯಂತ್ರಕ್ಕೆ, ಕೊಟ್ಟಿದ್ದಾರೆ. ಉಜ್ಜಿದ ಗೀರುಗಳು ಒರಟಾಗಿ, ಅಡ್ಡಡ್ಡ ಕಾಣುತ್ತವೆ. ಮೊನೆಯ ಹತ್ತಿರ ಅಲಗನ್ನು ಬೆಲ್ಟಿನ ಮೇಲೆ ಹಾಗೇ ಎಳೆದುಬಿಟ್ಟಿದ್ದಾರೆ. ಸೂಜಿಯ ಹಾಗಿದ್ದ ಮೊನೆ ಈಗ ಉರುಟು. ಹಳೆಯ ಫೋಟೊ ಪಕ್ಕಕ್ಕಿಟ್ಟು ಅಳೆದರೆ 2 ಮಿಲಿಮೀಟರ್ ಉಕ್ಕು ಹೋಗಿದೆ.

ಉಕ್ಕು ಹೋದದ್ದನ್ನಾದರೂ ಸಹಿಸಬಹುದು. ಬಣ್ಣವನ್ನು ಸಹಿಸಲು ಆಗುವುದಿಲ್ಲ. ಮೊನೆಯಿಂದ ಒಂದು ಬೆರಳಗಲ ಹಿಂದಕ್ಕೆ, ಅಂಚಿಗೆ ಹೊಂದಿಕೊಂಡ ಹಾಗೆ, ಒಂದು ತೆಳು ಪಟ್ಟೆ. ಒಳಗಡೆ ಒಣಹುಲ್ಲಿನ ಬಣ್ಣ, ಅಂಚಿಗೆ ಬಂದಂತೆ ಕಂದು, ಅಂಚಿನಲ್ಲಿ ನೀಲಿ. ಬೆಳಕಿಗೆ ಹಿಡಿದರೆ ಅಂದವಾಗಿಯೇ ಕಾಣುತ್ತದೆ. ಅದು ಏನು ಅಂತ ಗೊತ್ತಿದ್ದವರಿಗೆ ಮಾತ್ರ ಸಂಕಟ. ಅದು ಉಕ್ಕು ಬೆಂದ ಗುರುತು. ಸಾದಾ ಉಕ್ಕಿನಲ್ಲಿ ಹುಲ್ಲಿನ ಬಣ್ಣ ಬರಲು 200 ಡಿಗ್ರಿ ದಾಟಬೇಕು, ನೀಲಿ ಬರಲು 300ರ ಹತ್ತಿರ ಹೋಗಬೇಕು. ತುಕ್ಕು ಹಿಡಿಯದ ಉಕ್ಕಿನಲ್ಲಿ ಆ ಬಣ್ಣಗಳು ಬರುವುದು ಇನ್ನೂ ಜಾಸ್ತಿ ಬಿಸಿಗೆ. ಓಡುವ ಬೆಲ್ಟಿಗೆ ಅಲಗನ್ನು ಒತ್ತಿ ಹಿಡಿದರೆ ತೆಳ್ಳಗಿನ ಅಂಚು ಕ್ಷಣದಲ್ಲಿ ಕಾಯುತ್ತದೆ. ಅದಕ್ಕೇ ಕಮ್ಮಾರರು ಪಕ್ಕದಲ್ಲೇ ನೀರು ಇಟ್ಟುಕೊಂಡು ಆಗಾಗ ಅದ್ದುತ್ತಾರೆ. ಬರಿಗೈಯಲ್ಲಿ ಹಿಡಿಯುತ್ತಾರೆ, ಬಿಸಿ ಕೈಗೆ ಗೊತ್ತಾಗಲಿ ಅಂತ. ಇಲ್ಲಿ ಯಾರೋ ಅವಸರದಲ್ಲಿ ಒಣ ಬೆಲ್ಟಿಗೆ ಹಿಡಿದು ಹದ ಇಳಿಸಿಬಿಟ್ಟಿದ್ದಾರೆ.

ಹದ ಅನ್ನುವುದು ಬಾಯಿಮಾತಲ್ಲ. ಚಾಕುವಿನ ಅಲಗನ್ನು ಕೆಂಪಗೆ ಕಾಯಿಸಿ, ತಣಿಸಿ ಗಟ್ಟಿ ಮಾಡುತ್ತಾರೆ. ಆಗ ಅದು ಗಾಜಿನ ಹಾಗೆ ಒಡೆಯುತ್ತದೆ. ಅದಕ್ಕೆ ಮತ್ತೆ ಅಳತೆಯಾಗಿ ಬಿಸಿ ಮಾಡಿ, ಗಡಸೂ ಇರಬೇಕು ಒಡೆಯಲೂ ಬಾರದು ಅನ್ನುವ ಹಂತಕ್ಕೆ ತರುತ್ತಾರೆ. ನನ್ನ ಚಾಕುವಿನ ಡಬ್ಬಿಯ ಮೇಲೆ ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 58ರಿಂದ 60 ಅಂತ ಇದೆ. ಆ ಹಂತ ದಾಟಿ ಬಿಸಿಯಾದರೆ ಅಷ್ಟು ಜಾಗ ಮೆತ್ತಗಾಗುತ್ತದೆ. ಮತ್ತೆ ಸಾಣೆ ಹಿಡಿದರೆ ಗಟ್ಟಿಯಾಗುವುದಿಲ್ಲ. ಬೆಂದ ಉಕ್ಕನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಅಥವಾ ಅಲಗಿಗೆ ಮೊದಲಿನಿಂದ ಹದ ಕೊಡಬೇಕು.

ಸುಮ್ನೆ ಬಣ್ಣ ನೋಡಿ ಹೇಳ್ತಾ ಇದ್ದೇನೆ ಅಂತ ಯಾರೂ ಅನ್ನಬಾರದು. ನನ್ನ ಕಲ್ಲುಗಳ ಮೇಲೆ ಇಡೀ ಅಲಗಿಗೆ ಒಂದೇ ಸಮ ಸಾಣೆ ಹಿಡಿದೆ. ಕಾಗದ ಎರಡು ಕಡೆಯೂ ಸದ್ದಿಲ್ಲದೆ ಸೀಳಿತು. ಆಮೇಲೆ ಪ್ಯಾಕಿಂಗ್ ರಟ್ಟನ್ನು ಪಟ್ಟಿ ಪಟ್ಟಿಯಾಗಿ ಕೊಯ್ದೆ. ಹತ್ತು ಪಟ್ಟಿ ಬುಡದ ಕಡೆಯಿಂದ, ಹತ್ತು ಪಟ್ಟಿ ತುದಿಯ ಕಡೆಯಿಂದ. ಬುಡದ ಕಡೆ ಹತ್ತು ಆದಮೇಲೂ ಕಾಗದ ಕೊಯ್ಯಿತು. ತುದಿಯ ಕಡೆ ನಾಲ್ಕನೇ ಪಟ್ಟಿಗೇ ರಟ್ಟು ಹರಿಯತೊಡಗಿತು, ಕೊಯ್ಯಲಿಲ್ಲ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಷ್ಟುದ್ದವೂ ಒಂದು ಹೊಳೆಯುವ ದಾರ ಕಾಣುತ್ತದೆ. ಅಂಚು ಒಂದು ಬದಿಗೆ ಮಡಚಿಕೊಂಡಿದೆ. ಹರಿತ ಇರುವ ಅಂಚು ಹೊಳೆಯುವುದಿಲ್ಲ. ಹೊಳೆದರೆ ಅದು ಮೊಂಡು.

ಬೇಡ ಅಂತ ಅಡಿಗೆರೆ ಎಳೆದು ಬರೆದ ಕೆಲಸ ಇದು. ಬೇಕು ಅಂದದ್ದನ್ನು ಮುಟ್ಟಿಲ್ಲ.

ಮತ್ತೆ ಫೋನ್ ಮಾಡಿದೆ. ಈ ಸಲ ಮೇಲಿನವರ ಜೊತೆ ಮಾತಾಡಬೇಕು ಅಂದೆ. ಎರಡು ದಿನ ಬಿಟ್ಟು ಒಬ್ಬರು ಫೋನ್ ಮಾಡಿದರು. ಮರ್ಯಾದೆಯಿಂದಲೇ ಮಾತಾಡಿದರು. ಈಗಿನ ಫೋಟೊ ಕಳಿಸಿ ಅಂದರು. ಕಳಿಸಿದೆ. ಮರುದಿನ ಉತ್ತರ ಬಂತು. 'ಪಿವೋಟ್ ಸ್ಕ್ರೂವಿನ ತಲೆ ಹಾಳಾಗಿರುವುದು ಕಂಡುಬಂದಿದೆ. ಚಾಕುವನ್ನು ಬಿಚ್ಚಲಾಗಿದೆ. ಆದ್ದರಿಂದ ವಾರಂಟಿ ರದ್ದಾಗಿದೆ.'

ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

ಆ ಸ್ಕ್ರೂ ನಕ್ಷತ್ರದ ಆಕಾರದ ತಲೆಯದು. ಟಾರ್ಕ್ಸ್ ಅನ್ನುತ್ತಾರೆ. ಆರು ಮೂಲೆ. ನಾನು ಕಳಿಸುವ ಮುಂಚೆ ತೆಗೆದ ಫೋಟೊದಲ್ಲಿ ಆರೂ ಮೂಲೆ ಚೂಪಾಗಿವೆ, ಕಪ್ಪು ಬಣ್ಣ ಕೂಡ ಕೆತ್ತಿಲ್ಲ. ಈಗ ಒಳಗೆ ಉರುಟು ತೂತು. ಸರಿಯಾದ ಅಳತೆಯ ಬಿಟ್ ಹಾಕದೆ, ಚಿಕ್ಕದು ಹಾಕಿ ತಿರುಗಿಸಿದರೆ ಹೀಗಾಗುತ್ತದೆ. ಇಂಥ ಸ್ಕ್ರೂಗಳಿಗೆ ಸಾಮಾನ್ಯವಾಗಿ ಅಂಟು ಹಾಕಿರುತ್ತಾರೆ, ತಾನಾಗಿ ಸಡಿಲವಾಗದಿರಲಿ ಅಂತ. ಅಂಟು ಗಟ್ಟಿಯಿದ್ದಾಗ ಮೊದಲು ಬಿಸಿ ತಾಗಿಸಿ ಮೆತ್ತಗೆ ಮಾಡಿ ಆಮೇಲೆ ತಿರುಗಿಸಬೇಕು. ಅದು ದಿನಾ ಚಾಕು ಬಿಚ್ಚುವವರಿಗೆ ಗೊತ್ತಿರಲೇಬೇಕಾದ ವಿಷಯ.

ನನ್ನ ಪುಣ್ಯಕ್ಕೆ ಕಳಿಸುವ ಮುಂಚಿನ ಆ ಫೋಟೊ ಅವರ ಫಾರಂನಲ್ಲೇ ಇದೆ. ಅವರೇ ಕೇಳಿದ್ದು, ಹತ್ತಿರದಿಂದ ಬೇಕು ಅಂತ. ತಾರೀಖು ಸಮೇತ ಇದೆ. ಚೀಟಿಯಲ್ಲಿ ಶುಚಿ ಮಾಡಲಾಗಿದೆ ಅಂತ ಅವರೇ ಬರೆದಿದ್ದಾರೆ. ಇದನ್ನೆಲ್ಲಾ ಒಂದೊಂದಾಗಿ ಬರೆದು, ಎರಡು ಫೋಟೊ ಪಕ್ಕಪಕ್ಕ ಇಟ್ಟು, ಪಟ್ಟಿ ಮೂರರಲ್ಲಿ ಒಂದು ಭಾಗಕ್ಕೇ ನಿಂತಿರುವುದನ್ನು ಬಾಣದ ಗುರುತಿನಲ್ಲಿ ತೋರಿಸಿ ಕಳಿಸಿದೆ. ಸವೆತ ಅನ್ನುವುದಾದರೆ ಸವೆದದ್ದು ಎಲ್ಲಿ ತೋರಿಸಿ ಅಂತ ಕೇಳಿದೆ.

ಹನ್ನೊಂದು ದಿನ ಬಿಟ್ಟು ಬಂದ ಉತ್ತರದಲ್ಲಿ ಸ್ಕ್ರೂವಿನ ಮಾತೇ ಇಲ್ಲ. ರದ್ದಾದ ವಾರಂಟಿಯ ಮಾತೂ ಇಲ್ಲ. 'ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ. ಹೊಸ ಚಾಕು ಕೊಂಡರೆ ರಿಯಾಯಿತಿ ಕೊಡುತ್ತೇವೆ' ಅಂತ ಎರಡು ಸಾಲು.

ಬೇಡ ಅಂದೆ. ಇನ್ನೊಂದು ಚಾಕು ಕೊಂಡರೆ ಅದರಲ್ಲೂ ಇದೇ ಕೋನ ಇದ್ದರೆ? ಅದನ್ನೂ ಇದೇ ಕೈಗಳಿಗೆ ಕಳಿಸಬೇಕಲ್ಲ. ನಾನು ಕೇಳಿದ್ದು ರಿಯಾಯಿತಿ ಅಲ್ಲ. ಲಾಕ್ ನಿಲ್ಲುವ ಚಾಕು ಕೇಳಿದ್ದು, ಅದಕ್ಕೆ ಒಂದು ಸಲ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಇದೇ ಮಾದರಿಯ ಬೇರೆ ಚಾಕುಗಳನ್ನು ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿದ್ದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಆಮೇಲೆ ಆ ವಾರಂಟಿ ಚೀಟಿ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ಮುಂದುಗಡೆ 'ಜೀವಮಾನ' ಅಂತ ಇದೆ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಅದರ ಅರ್ಥ ಇದೆ. ಅದು ನನ್ನ ಜೀವಮಾನ ಅಲ್ಲ, ಚಾಕುವಿನ ಜೀವಮಾನ. ಅದು ಎಷ್ಟು ಅಂತ ತೀರ್ಮಾನಿಸುವವರು ಅವರೇ. ಉಕ್ಕಿನ ದೋಷ ಮತ್ತು ತಯಾರಿಕೆಯ ದೋಷಕ್ಕೆ ಮಾತ್ರ. ಮೊದಲು ಕೊಂಡವರಿಗೆ ಮಾತ್ರ. ಬಳಕೆಯ ಸವೆತ, ತಪ್ಪು ಬಳಕೆ, ತುಕ್ಕು, ಕಳೆದುಹೋಗುವುದು, ಬಿಚ್ಚುವುದು, ಇವಕ್ಕೆಲ್ಲಾ ಇಲ್ಲ. ಚಾಕು ಮಾಡುವ ಬೇರೆ ಕಂಪನಿಗಳ ಚೀಟಿಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ಇರುತ್ತದೆ. ಅದರಲ್ಲಿ ಅನ್ಯಾಯ ಏನಿಲ್ಲ. ಮೂವತ್ತು ವರ್ಷ ಬಳಸಿ ಅಲಗು ಸವೆದು ಕಡ್ಡಿಯಾದರೆ ಹೊಸದು ಕೊಡಿ ಅನ್ನುವುದು ಸರಿಯಲ್ಲ. ಆದರೆ ತಯಾರಿಕೆಯ ದೋಷ ಅಂದರೆ ಇದೇ ಅಲ್ವಾ? ಅಲಗಿನ ಬುಡವನ್ನು ತಪ್ಪು ಕೋನಕ್ಕೆ ಉಜ್ಜಿರುವುದು. ಇದು ದೋಷ ಅಲ್ಲ ಅಂದರೆ ದೋಷ ಅಂತ ಬೇರೆ ಯಾವುದನ್ನು ಕರೆಯುವುದು?

ರಿಪೇರಿ ಕೂಡ ದೊಡ್ಡ ಕೆಲಸವಲ್ಲ. ಪಟ್ಟಿಯ ತುದಿಯನ್ನು ಸಣ್ಣ ಅರದಿಂದ ಸರಿಯಾದ ಕೋನಕ್ಕೆ ತಂದು ಕೂರಿಸಬಹುದು. ಅದು ಆಗದಿದ್ದರೆ ಹೊಸ ಲೈನರ್. ಅದೂ ಆಗದಿದ್ದರೆ ಬೇರೆ ಚಾಕು. ಲೈಟಿನ ಅಣ್ಣ ತಾನೇ ಉಜ್ಜಿಕೊಡುತ್ತೇನೆ ಅಂದರು. ಅವರ ಕೈ ಬಹಳ ಒಳ್ಳೆಯದು. ಆದರೆ ನಾನೇ ಒಪ್ಪಲಿಲ್ಲ. ನಾವು ಮುಟ್ಟಿದರೆ ನನ್ನ ಹತ್ತಿರ ಇರುವ ಸಾಕ್ಷಿ ಹೋಗುತ್ತದೆ. ಅಲ್ಲದೆ ಒಂದು ಸಲ ಕಚ್ಚಿದ ಲಾಕನ್ನು ಮತ್ತೆ ನಂಬಿ ಏಣಿ ಹತ್ತಲು ನನ್ನ ಮನಸ್ಸು ಒಪ್ಪುವುದಿಲ್ಲ.

ತಂಡದಲ್ಲಿ ಇದೇ ಮಾದರಿ ಕೊಂಡಿದ್ದ ಇಬ್ಬರ ಚಾಕುಗಳಿಗೂ ಮಾರ್ಕರ್ ಬಳಿದು ನೋಡಿದೆವು. ಒಂದರಲ್ಲಿ ಅಗಲದ ಪಟ್ಟೆ ಬಂತು, ಚೆನ್ನಾಗಿದೆ. ಇನ್ನೊಂದರಲ್ಲಿ ನನ್ನದಕ್ಕಿಂತ ಸ್ವಲ್ಪ ಅಗಲ, ಅಷ್ಟೇ. ಅದರ ಯಜಮಾನ ಈಗ ಅದನ್ನು ಟೇಪು ಕೊಯ್ಯಲು ಮಾತ್ರ ಬಳಸುತ್ತಾನೆ. ನಿಮ್ಮ ಹತ್ತಿರ ಲೈನರ್ ಲಾಕ್ ಚಾಕು ಇದ್ದರೆ ನೀವೂ ಮಾಡಿ ನೋಡಿ. ಯಾವ ಕಂಪನಿಯದಾದರೂ ಸರಿ. ಐದು ನಿಮಿಷದ ಕೆಲಸ, ಶಾಯಿ ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೋಗುತ್ತದೆ. ವಾರಂಟಿಗೆ ಕಳಿಸುವುದಾದರೆ ಸ್ಕ್ರೂ, ಮೊನೆ, ಅಂಚು ಎಲ್ಲದರ ಫೋಟೊ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ಅವರು ಕೇಳದಿದ್ದರೂ ತೆಗೆಯಿರಿ. ಅಲಗಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ನಾನು ಅದೊಂದು ಮಾಡಿರಲಿಲ್ಲ. 2 ಮಿಲಿಮೀಟರ್ ಹೋಗಿದೆ ಅಂತ ತೋರಿಸಲು ಹಿಡಿಯ ಉದ್ದದಿಂದ ಲೆಕ್ಕ ಹಾಕಬೇಕಾಯಿತು.

ಈಗ ಬೆಲ್ಟಿಗೆ ಸಿಕ್ಕಿಸಿಕೊಂಡಿರುವುದು ಒಪಿನೆಲ್ ಅನ್ನುವ ಫ್ರೆಂಚ್ ಮಡಚುವ ಚಾಕು. ಮರದ ಹಿಡಿ, ಕತ್ತಿನಲ್ಲಿ ತಿರುಗುವ ಉಂಗುರ. ಆ ಉಂಗುರವೇ ಲಾಕ್. 1955ರಿಂದ ಆ ಉಂಗುರ ಇದೆ. ತಿರುಗಿಸಿದರೆ ಅಲಗಿನ ದಾರಿಗೇ ಅಡ್ಡ ಬಂದು ನಿಲ್ಲುತ್ತದೆ, ನಿಂತಿರುವುದು ಕಣ್ಣಿಗೆ ಕಾಣುತ್ತದೆ. ತೆರೆಯಲು ಎರಡು ಕೈ ಬೇಕು. ಹಾಗಾಗಿ ಏಣಿ ಹತ್ತುವ ಮುಂಚೆ ಕೆಳಗೇ ಏನು ಕತ್ತರಿಸಬೇಕು ಅಂತ ಯೋಚಿಸಿಕೊಂಡು ಹೋಗುತ್ತೇನೆ. ಮೇಲೆ ಬೇಕೇ ಬೇಕು ಅಂದರೆ ಕತ್ತರಿ ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತೇನೆ. ಕೆಲಸ ನಿಧಾನವಾಗಿದೆ. ಒಂದು ಕೈಯ ಚಾಕು ಕೊಡುತ್ತಿದ್ದ ಅನುಕೂಲ ನೆನಪಾಗದ ದಿನವಿಲ್ಲ.

ಹೋದ ವಾರ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಸಾಮಾನು ಪೆಟ್ಟಿಗೆಯಲ್ಲಿ ಏನೋ ಹುಡುಕುತ್ತಿದ್ದಳು. "ಅಕ್ಕಾ, ಈ ಚಾಕು ತಗೊಳ್ಳಲಾ? ಚೆನ್ನಾಗಿದೆ" ಅಂತ ಅದನ್ನೇ ಎತ್ತಿ ತೋರಿಸಿದಳು. ಅವಳ ಹೆಬ್ಬೆರಳು ಆಗಲೇ ಅಲಗಿನ ಮೇಲಿತ್ತು. ಓಡಿ ಹೋಗಿ ಕೈಯಿಂದ ತೆಗೆದುಕೊಂಡೆ. ಅವಳು ಹೆದರಿಬಿಟ್ಟಳು. ಕೂರಿಸಿಕೊಂಡು ನನ್ನ ಬೆರಳಿನ ಗೆರೆ ತೋರಿಸಿ ಎಲ್ಲಾ ಹೇಳಿದೆ. ಆಮೇಲೆ ಇಬ್ಬರೂ ಸೇರಿ ಅಲಗು ಮಡಚಿ, ಹಿಡಿಯ ಸುತ್ತ ಕಪ್ಪು ಬಟ್ಟೆ ಟೇಪನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿದೆವು. ಮೇಲೆ ಬಿಳಿ ಪೆನ್ನಿನಲ್ಲಿ ಅವಳೇ ಬರೆದಳು: 'ಲಾಕ್ ಇಲ್ಲ. ತೆರೆಯಬೇಡಿ.' ಅದನ್ನು ಅದರದೇ ಡಬ್ಬಿಗೆ ಹಾಕಿ, ಚೀಟಿ, ನನ್ನ ಹಾಳೆ, ಅವರ ಉತ್ತರಗಳು ಎಲ್ಲಾ ಒಟ್ಟಿಗೆ ಇಟ್ಟಿದ್ದೇನೆ. ಮತ್ತೊಂದು ಪತ್ರ ಹಾಕಿ ಇವತ್ತಿಗೆ 16 ದಿನ.